ಮೊಡವೆಗೆ ಮಾತ್ರೆ ನುಂಗಿದವರು

ಮೊಡವೆಗೆಂದು ಡಾಕ್ಸಿಸೈಕ್ಲಿನ್ ಮಾತ್ರೆ ಶುರುಮಾಡಿ ವಾರ ಕಳೆದರೂ ಕನ್ನಡಿಯಲ್ಲಿ ಅದೇ ಮುಖ. ಅನೇಕರು ಕೈಚೆಲ್ಲುವುದು ಇಲ್ಲೇ. ಆದರೆ ಕೆಂಪು ಗಂಟುಗಳು ಇಳಿಯಲು 6ರಿಂದ 8 ವಾರವಾದರೂ ಬೇಕು.

1960ರ ದಶಕದಿಂದ ಬಳಕೆಯಲ್ಲಿರುವ ಈ ಹಳೆಯ ಔಷಧ ಬ್ಯಾಕ್ಟೀರಿಯಾವನ್ನು ತಡೆಯುವುದಷ್ಟೇ ಅಲ್ಲ, ಉರಿಯೂತವನ್ನೂ ತಗ್ಗಿಸುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ನುಂಗುವ ರೀತಿಯಲ್ಲಿ. ರಾತ್ರಿ ಒಂದೇ ಗುಟುಕು ನೀರಿನಲ್ಲಿ ಮಾತ್ರೆ ಇಳಿಸಿ ಹಾಗೇ ಮಲಗಿದರೆ ಅದು ಅನ್ನನಾಳಕ್ಕೆ ಅಂಟಿಕೊಂಡು ಹುಣ್ಣು ಮಾಡಬಹುದು. ಬೆಳಿಗ್ಗೆ ಕಾಫಿ ಗಂಟಲಿಗಿಳಿದರೂ ಎದೆಯಲ್ಲಿ ಬೆಂಕಿ. ಲೋಟ ತುಂಬ ನೀರು ಕುಡಿದು ಅರ್ಧ ಗಂಟೆ ನೆಟ್ಟಗೆ ಕೂತರೆ ಈ ಫಜೀತಿ ಬಹುಮಟ್ಟಿಗೆ ತಪ್ಪುತ್ತದೆ. ಕಬ್ಬಿಣಾಂಶದ ಮಾತ್ರೆ, ಆ್ಯಂಟಾಸಿಡ್ ಜೊತೆಯಲ್ಲಿ ಬೇಡ. ಈ ಮಾತ್ರೆ ನುಂಗುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ: ಏಪ್ರಿಲ್‌ನ ಕಲಬುರಗಿಯಲ್ಲಿ ಬೈಕ್ ಓಡಿಸುವವರಿಗೆ ಇದೇನು ಸಣ್ಣ ಮಾತಲ್ಲ. ಗರ್ಭಿಣಿಯರಿಗಂತೂ ಸಾಮಾನ್ಯವಾಗಿ ಈ ಔಷಧ ಕೊಡುವುದಿಲ್ಲ.

ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಹೋಗದಿರಲೆಂದು ಜೊತೆಗೆ ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚಲು ಹೇಳಿ, 3-4 ತಿಂಗಳಿಗೆ ಮಾತ್ರೆ ನಿಲ್ಲಿಸುವುದು ಚರ್ಮವೈದ್ಯರ ರೂಢಿ. ನಿಂತ ಮೇಲೆ ಮೊಡವೆ ಮರಳುವುದೂ ಉಂಟು. ಆಗ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ಕೊಳ್ಳುವವರಿದ್ದಾರೆ. ವೈದ್ಯರಾದರೋ ಅಡಾಪಲೀನ್ ಎಂಬ ಜೆಲ್ ಹಚ್ಚಲು ಹೇಳುತ್ತಾರೆ, ಕಲೆ ಬೀಳುವಂಥ ತೀವ್ರ ಮೊಡವೆಯಾದರೆ ರಕ್ತಪರೀಕ್ಷೆ ಮಾಡಿಸಿ ಐಸೊಟ್ರೆಟಿನಾಯಿನ್ ಎಂಬ ಔಷಧ ಬರೆಯುತ್ತಾರೆ.