ಬೆಟ್ಟದ ಚಳಿ, ಕಿತ್ತಳೆಯ ಸಿಪ್ಪೆ

ದೆಹಲಿ ಮೆಟ್ರೊದ ಕೆಂಪು ಮಾರ್ಗದಲ್ಲಿ ಘಾಜಿಯಾಬಾದ್ ಕಡೆಗೆ ಹೊರಟರೆ ಹಿಂಡನ್ ನದಿಗೆ ಮೊದಲು ಮೋಹನ್ ನಗರ ನಿಲ್ದಾಣ ಸಿಗುತ್ತದೆ. 2019ರ ಮಾರ್ಚ್‌ನಲ್ಲಿ ಮಾರ್ಗದ ಈ ಭಾಗ ತೆರೆದಾಗಿನಿಂದ ನಾನು ಇಲ್ಲಿ ಇಳಿದು ಹತ್ತುತ್ತಿದ್ದೇನೆ. ಆ ಹೆಸರು ಒಂದು ಬಿಯರ್ ಕಾರ್ಖಾನೆಯ ಒಡೆಯರಿಂದ ಬಂದದ್ದು, ಆ ಕಾರ್ಖಾನೆಯ ಬೇರು ಹಿಮಾಲಯದಲ್ಲಿದೆ ಎಂಬುದು ನನಗೆ ತಿಳಿದದ್ದು ತಡವಾಗಿ. ತಿಳಿಯುವಂತೆ ಮಾಡಿದವನು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿರುವ ನನ್ನ ತಮ್ಮ.

ತಮ್ಮನ ಹೆಂಡತಿ ಕೊಡಗಿನ ಸಿದ್ದಾಪುರದ ಕಡೆಯವಳು. ಕಾಫಿ ತೋಟದ ನಡುವೆ ಬೆಳೆಯುತ್ತಿದ್ದ ಕಿತ್ತಳೆ ಅವಳ ಬಾಲ್ಯದ ಹಣ್ಣು. ರೋಗ ಬಡಿದು ಕೊಡಗಿನ ಎಷ್ಟೋ ತೋಟಗಳಲ್ಲಿ ಆ ಗಿಡಗಳು ಸೊರಗಿಹೋದವು. ಅವರ ಮನೆಯ ತೋಟದಲ್ಲೂ ಈಗ ಇಲ್ಲ. ಅವಳ ಹುಟ್ಟುಹಬ್ಬಕ್ಕೆಂದು ತಮ್ಮ ಕಿತ್ತಳೆ ಪರಿಮಳದ ‘ಪೇಲ್ ಏಲ್’ ಎಂಬ ಬಿಯರ್ ತಯಾರಿಸಲು ಹೊರಟಾಗ ನಾನು ಅವರ ಮನೆಯಲ್ಲಿದ್ದೆ.

ಬಿಯರ್‌ಗೆ ಮೂಲ ಮಾಲ್ಟ್. ರಾಗಿ ಮಾಲ್ಟ್ ಕುಡಿದು ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ: ರಾಗಿಯ ಬದಲು ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ, ಅಷ್ಟೆ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಎಚ್ಚರಗೊಂಡಿರುತ್ತವೆ. ತಮ್ಮ ನಾಲ್ಕೂವರೆ ಕಿಲೊ ಮಾಲ್ಟ್ ನುಚ್ಚನ್ನು 66 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟ. ಮುಚ್ಚಳ ತೆಗೆದಾಗ ಬಂದ ವಾಸನೆ ಅಮ್ಮ ರಾಗಿ ಹಿಟ್ಟು ಹುರಿಯುತ್ತಿದ್ದ ಅಡುಗೆಮನೆಯದು.

ಸೋಸಿದ ಸಿಹಿ ರಸವನ್ನು ಒಂದು ಗಂಟೆ ಕುದಿಸಬೇಕು. ಆಗ ಹಾಕುವುದು ಹಾಪ್ಸ್ ಎಂಬ ಬಳ್ಳಿಯ ಹೂ. ಮೊದಲೇ ಹಾಕಿದ್ದು ಕಹಿ ಕೊಡುತ್ತದೆ, ಕೊನೆಗೆ ಹಾಕಿದ್ದು ಪರಿಮಳ ಕೊಡುತ್ತದೆ. ಅವನು ಆರಿಸಿದ್ದು ಕ್ಯಾಸ್ಕೇಡ್ ತಳಿ. ಅವನಿರುವ ಆರೆಗಾನ್ ರಾಜ್ಯದಲ್ಲೇ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ಇದಕ್ಕೆ ಚಕ್ಕೋತದ ನೆಂಟ ‘ಗ್ರೇಪ್‌ಫ್ರೂಟ್’ನ ಘಮ. ಒಲೆ ಆರಿಸಲು ಐದು ನಿಮಿಷ ಇರುವಾಗ ಕಿತ್ತಳೆ ಸಿಪ್ಪೆ ಬಿತ್ತು. ಹೊರಗಿನ ಬಣ್ಣದ ಪದರವನ್ನಷ್ಟೇ ತೆಳ್ಳಗೆ ಹೆರೆದಿದ್ದ. ಒಳಗಿನ ಬಿಳಿ ಭಾಗ ಸೇರಿದರೆ ಒಗರು.

ಕುದಿ ನಿಂತ ಮೇಲೆ ಅವನ ನಡೆ ಬೇರೆಯೇ ಆಯಿತು. ಪಾತ್ರೆ, ಕೊಳವೆ, ಸೌಟು ಎಲ್ಲವನ್ನೂ ಸೋಂಕುನಾಶಕದಲ್ಲಿ ಅದ್ದಿ ತೆಗೆದ. ಉಪ್ಪಿನಕಾಯಿ ಜಾಡಿಯನ್ನು ಒದ್ದೆ ಕೈಯಲ್ಲಿ ಮುಟ್ಟಗೊಡದ ಅಜ್ಜಿ ನೆನಪಾದರು. ರಸವನ್ನು 20 ಡಿಗ್ರಿಗೆ ಬೇಗ ತಣಿಸಿ ಯೀಸ್ಟ್ ಬೆರೆಸಿದ. “ಇನ್ನು ನಮ್ಮ ಕೈಲೇನಿಲ್ಲ ಅಕ್ಕ, ಚಳಿ ಕಾಯಬೇಕು” ಎಂದ. ಏಲ್‌ನ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಅದಕ್ಕಿಂತ ಬಹಳ ಬಿಸಿಯಾದರೆ ಕಟುವಾದ ರುಚಿ ಸೇರಿಕೊಳ್ಳುತ್ತದೆ.

ಆ ಮಾತೇ ನನ್ನನ್ನು ಘಾಜಿಯಾಬಾದ್‌ಗೆ ಮರಳಿಸಿತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮೂರಿಗೆ ಬಿಯರ್ ಬಂದದ್ದು ಹೇಗೆ? ಬ್ರಿಟಿಷರ ಕಾಲದಲ್ಲಿ ಪೇಲ್ ಏಲ್ ಲಂಡನ್‌ನಿಂದ, ಆಮೇಲೆ ಬರ್ಟನ್ ಪಟ್ಟಣದಿಂದ, ಹಡಗಿನಲ್ಲಿ ಭಾರತಕ್ಕೆ ಬರುತ್ತಿತ್ತು. ತಿಂಗಳುಗಟ್ಟಲೆ ಪಯಣದಲ್ಲಿ ಅದನ್ನು ಕೆಡದಂತೆ ಕಾಯುತ್ತಿದ್ದದ್ದು ಧಾರಾಳವಾಗಿ ಹಾಕಿದ ಹಾಪ್ಸ್. ಇಲ್ಲಿಯೇ ತಯಾರಿಸಲು ಹೊರಟ ಎಡ್ವರ್ಡ್ ಡಯರ್ ತಂಪನ್ನೂ ಒಳ್ಳೆಯ ನೀರನ್ನೂ ಅರಸಿ ಹಿಮಾಲಯದ ಕಸೌಲಿಯ ಬೆಟ್ಟ ಹತ್ತಿದರು, ಬಳಿಕ ಚಿಲುಮೆ ನೀರಿನ ಸೋಲನ್‌ಗೆ ಹೋದರು. ಅಲ್ಲಿಯ ‘ಲಯನ್’ ಬಿಯರ್ ಮೊದಲಿಗೆ ಪೇಲ್ ಏಲ್ ಆಗಿತ್ತು. 

1949ರಲ್ಲಿ ನರೇಂದ್ರನಾಥ ಮೋಹನ್ ಆ ಡಯರ್ ಹೆಸರು ಹೊತ್ತ ‘ಡಯರ್ ಮೀಕಿನ್’ ಕಂಪನಿಯನ್ನು ಕೊಂಡರು. ಆ ಹೊತ್ತಿಗೆ ಬೇಕಾದ ಚಳಿಯನ್ನು ಯಂತ್ರವೇ ಕೊಡುವಂತಾಗಿದ್ದರಿಂದ ಬಿಯರ್‌ಗೆ ಬೆಟ್ಟದ ಹಂಗು ಇರಲಿಲ್ಲ. ಲಖನೌ, ಘಾಜಿಯಾಬಾದ್‌ನಂಥ ಬಯಲಿನ ಊರುಗಳಲ್ಲಿ ಅವರು ಕಾರ್ಖಾನೆ ಕಟ್ಟಿದರು. ಅದೇ ಯಂತ್ರದ ಚಳಿ ಇನ್ನಷ್ಟು ತಂಪಿನಲ್ಲಿ, 10 ಡಿಗ್ರಿಯ ಆಸುಪಾಸಿನಲ್ಲಿ ಹುದುಗುವ ಲಾಗರ್‌ಗೂ ದಾರಿ ಮಾಡಿತು. 1960ರ ದಶಕದಲ್ಲಿ ಲಯನ್ ಕೂಡ ಲಾಗರ್ ಆಯಿತು. ಮುಂದೆ ‘ಮೋಹನ್ ಮೀಕಿನ್’ ಎಂಬ ಹೆಸರು ಪಡೆದ ಕಂಪನಿ 1954ರಲ್ಲಿ ಹೊರತಂದ ‘ಓಲ್ಡ್ ಮಾಂಕ್’ ರಮ್ಮಿನಿಂದಲೇ ಮನೆಮಾತಾಯಿತು. ಅದನ್ನು ದಶಕಗಳ ಕಾಲ ಬೆಳೆಸಿ, 2018ರ ಜನವರಿಯಲ್ಲಿ ತೀರಿಕೊಂಡ ಕಪಿಲ್ ಮೋಹನ್ ಸ್ವತಃ ಮದ್ಯ ಮುಟ್ಟದವರು.

ತಮ್ಮನ ಹಾಗೆ ಘಾಜಿಯಾಬಾದ್‌ನ ಅಡುಗೆಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು ಉತ್ತರ ಪ್ರದೇಶದಲ್ಲೂ ಕರ್ನಾಟಕದಲ್ಲೂ ಅಬಕಾರಿ ಕಾನೂನಿಗೆ ವಿರುದ್ಧ. ಅಮೆರಿಕದಲ್ಲೂ 1978ರ ಕಾನೂನು ಬರುವವರೆಗೆ ಮನೆಬಿಯರ್‌ಗೆ ಅನುಮತಿ ಇರಲಿಲ್ಲ. ಈಗಲೂ ಮನೆಯ ಬಳಕೆಗೆ ಮಾತ್ರ, ಮಾರುವಂತಿಲ್ಲ. ಆ ನಿಯಮ ನನಗೆ ಹಿಡಿಸಿತು. ಮಾರಲಾಗದ್ದನ್ನು ಮಾಡಿದರೆ ಅದು ಯಾರಿಗಾದರೂ ಕೊಡುವುದಕ್ಕೇ.

ಎರಡು ವಾರ ತಮ್ಮ ದಿನಕ್ಕೆರಡು ಸಲ ಮೂಲೆಯಲ್ಲಿ ರಸ ಹುದುಗುತ್ತಿದ್ದ ಡಬ್ಬಿಯ ಉಷ್ಣಮಾಪಕ ನೋಡಿದ. ಬಿಸಿಲೇರಿದ ದಿನ ಒದ್ದೆ ಟವೆಲ್ ಸುತ್ತಿದ. ತಳದ ಗಸಿ ಬಿಟ್ಟು, ಲೀಟರಿಗೆ ಆರು ಗ್ರಾಂನಂತೆ ಸಕ್ಕರೆ ಬೆರೆಸಿ ಬಾಟಲಿಗೆ ತುಂಬಿದ. ಉಳಿದ ಯೀಸ್ಟ್ ಆ ಸಕ್ಕರೆ ತಿಂದು ನೊರೆ ಕಟ್ಟಲು ಮತ್ತೆರಡು ವಾರ. ಹತ್ತೊಂಬತ್ತು ಲೀಟರ್‌ಗೆ ಒಂದು ತಿಂಗಳು.

ಹುಟ್ಟುಹಬ್ಬದ ಸಂಜೆ ಅವಳು ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕುಡಿಯಲೇ ಇಲ್ಲ. “ಅತ್ತಿಗೆ, ಸಿಪ್ಪೆ ಸುಲಿದ ಮೇಲೆ ಕೈಯಲ್ಲಿ ಉಳಿಯುತ್ತಿತ್ತಲ್ಲ, ಅದು” ಎಂದಳು. ಮೋಹನ್ ನಗರದಲ್ಲಿ ರೈಲಿನಿಂದ ಇಳಿಯುವಾಗಲೆಲ್ಲ ನನಗೀಗ ಒದ್ದೆ ಟವೆಲ್ ಸುತ್ತಿದ ಆ ಡಬ್ಬಿ ನೆನಪಾಗುತ್ತದೆ. ಚಳಿಗಾಗಿ ಡಯರ್ ಬೆಟ್ಟ ಹತ್ತಿದರು, ಮೋಹನ್ ಯಂತ್ರ ತಂದರು. ನನ್ನ ತಮ್ಮ ದಿನಕ್ಕೆರಡು ಸಲ ಎದ್ದುಹೋಗಿ ನೋಡಿದ.