ಜೇನುಪೆಟ್ಟಿಗೆಗೆ ಬಂಡವಾಳ ಹೂಡುವ ಮುನ್ನ

ಉಡುಪಿ ಜಿಲ್ಲೆಯಲ್ಲಿ ಜೇನು ಸಾಕಣೆಗೆ ಇಳಿಯುವವರು ಮೊದಲು ಲೆಕ್ಕ ಹಾಕಬೇಕಾದುದು ಮಳೆಗಾಲವನ್ನು. ಕಾರ್ಕಳದ ರಬ್ಬರ್ ತೋಟಗಳು ಚಿಗುರುವ ಫೆಬ್ರುವರಿ-ಮಾರ್ಚ್‌ನಲ್ಲಿ ತುಡುವೆ ಜೇನಿಗೆ ಸುಗ್ಗಿ. ರಬ್ಬರಿನ ಮಕರಂದ ಹೆಚ್ಚಾಗಿ ಒಸರುವುದು ಹೂವಿನಿಂದಲ್ಲ, ಎಳೆಯ ಎಲೆಯ ತೊಟ್ಟಿನಿಂದ. ಜೂನ್ ಬಂತೆಂದರೆ ನೊಣಗಳಿಗೆ ಮೇವಿಲ್ಲ. ಸಕ್ಕರೆ ಪಾಕ ಉಣಿಸದಿದ್ದರೆ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗುವುದುಂಟು, ಉಳಿದ ಎರಿಗಳು ಮೇಣದ ಹುಳುವಿನ ಪಾಲು. ಬೇಸಿಗೆಯ ಫಸಲು ಕಂಡು ಮೇ ತಿಂಗಳಲ್ಲಿ ಹತ್ತು ಪೆಟ್ಟಿಗೆ ಕೊಳ್ಳುವುದಕ್ಕಿಂತ ಮಳೆ ಕಳೆದ ಮೇಲೆ ಎರಡರಿಂದ ಆರಂಭಿಸುವುದು ಲೇಸು. ಕೊಳ್ಳುವಾಗ ಮರಿಗಳನ್ನೂ ನೋಡಬೇಕು. ಅವು ನೀರು ತುಂಬಿದ ಚೀಲದಂತೆ ಸತ್ತಿದ್ದರೆ ಆ ಪೆಟ್ಟಿಗೆ ಬೇಡ. 1991-92ರಲ್ಲಿ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿದ ಥಾಯ್ ಸ್ಯಾಕ್‌ಬ್ರೂಡ್ ವೈರಾಣುವಿನ ಲಕ್ಷಣವೇ ಅದು. ಮಾರಾಟಕ್ಕೆ ಅವಸರ ಸಲ್ಲದು. ಮೇಣದ ಮುಚ್ಚಳ ಕಟ್ಟದ ಎರಿಯ ಜೇನಿನಲ್ಲಿ ನೀರಿನಂಶ ಶೇ. 20 ಮೀರಿದರೆ ಆಹಾರ ಸುರಕ್ಷತಾ ಮಾನದಂಡಕ್ಕೆ ಹೊಂದದು, ಬಾಟಲಿಯಲ್ಲೇ ಹುಳಿಯಲೂಬಹುದು.