ಯಂತ್ರಕ್ಕೆ ತಿಳಿಯದಂತೆ ಅಳೆಯುವುದು

1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಬ್ರಿಟನ್ನಿನ ಸಂಗಡಿಗರೊಡನೆ ಕೋಲಾರ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ನ್ಯೂಟ್ರಿನೊ ಎಂಬ ಕಣಗಳ ಸುಳಿವು ಹಿಡಿದರು. ನೆಲದ ಮೇಲಾಗಿದ್ದರೆ ವಿಶ್ವಕಿರಣಗಳ ಗದ್ದಲದಲ್ಲಿ ಅದು ಮುಳುಗಿಹೋಗುತ್ತಿತ್ತು. ಕಂಪ್ಯೂಟರಿನ ಓಟವನ್ನು ಅಳೆಯುವವರಿಗೂ ಗದ್ದಲದ್ದೇ ಕಷ್ಟ. ಆದರೆ ಇಲ್ಲಿ ಗದ್ದಲ ಎಬ್ಬಿಸುವುದು ಅಳೆಯುವ ಸಾಧನವೇ.

ಪ್ರೋಗ್ರಾಂ ಒಂದು ಮೆಮೊರಿಯ ಯಾವ ವಿಳಾಸಗಳನ್ನು ಯಾವ ಕ್ರಮದಲ್ಲಿ ಮುಟ್ಟುತ್ತದೆಂದು ಗೊತ್ತಾದರೆ, ಅದಕ್ಕೆ ಎಂಥ ಕ್ಯಾಶ್ (ಪ್ರೊಸೆಸರಿನ ಪಕ್ಕದ ಚಿಕ್ಕ, ವೇಗದ ಮೆಮೊರಿ) ಬೇಕೆಂದು ಲೆಕ್ಕ ಹಾಕಬಹುದು. ಹಾಗೆಂದು ಆದೇಶ ಆದೇಶಕ್ಕೂ ಪ್ರೋಗ್ರಾಮನ್ನು ತಡೆದು ಬರೆದುಕೊಳ್ಳುತ್ತ ಹೋದರೆ ಯಂತ್ರ ನೂರಾರು ಪಟ್ಟು ನಿಧಾನವಾಗುತ್ತದೆ. ಆಪರೇಟಿಂಗ್ ಸಿಸ್ಟಮ್ ಒಳಗೆ ಮಾಡುವ ಕೆಲಸವಂತೂ ಸಾಮಾನ್ಯವಾಗಿ ದಾಖಲೆಗೇ ಬರುವುದಿಲ್ಲ.

ಮಂಗಳೂರಿನ ಸೇಂಟ್ ಅಲೋಶಿಯಸ್‌ನಲ್ಲಿ ಓದಿದ ಅನಂತ್ ಅಗರ್‌ವಾಲ್, ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ರಿಚರ್ಡ್ ಸೈಟ್ಸ್ ಮತ್ತು ಮಾರ್ಕ್ ಹೊರೊವಿಟ್ಜ್ ಜೊತೆ 1986ರಲ್ಲಿ ಬೇರೆ ದಾರಿ ತೋರಿಸಿದರು. ವ್ಯಾಕ್ಸ್ 8200 ಯಂತ್ರದ ಪ್ರೊಸೆಸರ್ ಪ್ರತಿ ಆದೇಶವನ್ನೂ ಇನ್ನೂ ಚಿಕ್ಕ ಹೆಜ್ಜೆಗಳಾಗಿ ಒಡೆದು ನಡೆಸುತ್ತಿತ್ತು. ಆ ಹೆಜ್ಜೆಗಳ ಬರಹವೇ ಮೈಕ್ರೋಕೋಡ್. ಇವರು ಅದನ್ನೇ ತಿದ್ದಿದರು. ಮೆಮೊರಿ ಮುಟ್ಟಿದಾಗಲೆಲ್ಲ ಪ್ರೊಸೆಸರ್ ತಾನೇ ಆ ವಿಳಾಸವನ್ನು ಮೀಸಲಿಟ್ಟ ಜಾಗದಲ್ಲಿ ಬರೆದಿಡುತ್ತಿತ್ತು. ಮೇಲೆ ಓಡುತ್ತಿದ್ದ ಪ್ರೋಗ್ರಾಮುಗಳಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ಓಡಾಟ, ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಹೊರಳುವ ಗಳಿಗೆ, ಎಲ್ಲವೂ ದಾಖಲಾದವು. ಇದಕ್ಕೆ ‘ಅಟಮ್’ ಎಂದು ಹೆಸರಿಟ್ಟರು.

ಇದೂ ಪೂರ್ತಿ ನಿರುಪದ್ರವಿಯಲ್ಲ. ಯಂತ್ರ ಹತ್ತಿಪ್ಪತ್ತು ಪಟ್ಟು ನಿಧಾನವಾಗುತ್ತಿತ್ತು. ಪ್ರೊಸೆಸರನ್ನು ಆಗಾಗ ತಡೆಯುವ ಗಡಿಯಾರದ ಅಡಚಣೆಗಳು ಮಾತ್ರ ಎಂದಿನ ವೇಗದಲ್ಲೇ ಬಂದು, ದಾಖಲೆಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಕಾಣುತ್ತಿದ್ದವು. ಆದರೂ ಸಿಕ್ಕ ಫಲ ದೊಡ್ಡದು: ಆಪರೇಟಿಂಗ್ ಸಿಸ್ಟಮ್ಮನ್ನು ಬಿಟ್ಟು ಲೆಕ್ಕ ಹಾಕಿದರೆ ಕ್ಯಾಶ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆಂಬುದು ಇಂಥ ದಾಖಲೆಗಳಿಂದ ಸ್ಪಷ್ಟವಾಯಿತು.

1993ರ ಪೆಂಟಿಯಂನಿಂದೀಚೆಗೆ ಇಂಟೆಲ್ ಪ್ರೊಸೆಸರುಗಳ ಒಳಗೇ ಎಣಿಕೆ ಯಂತ್ರಾಂಶವಿದೆ. ಕ್ಯಾಶ್ ತಪ್ಪಿದ್ದೆಷ್ಟು, ಮುಂದೆ ಯಾವ ಕವಲು ಹಿಡಿಯಬೇಕೆಂಬ ಪ್ರೊಸೆಸರಿನ ಊಹೆ ಕೆಟ್ಟದ್ದೆಷ್ಟು ಎಂದು ಅದು ಓಟಕ್ಕೆ ತಡೆಯಿಲ್ಲದೆ ಎಣಿಸುತ್ತದೆ. ಆದರೆ ತಯಾರಕರು ಬಯಸಿದ್ದನ್ನಷ್ಟೇ ಎಣಿಸುತ್ತದೆ. ಮೈಕ್ರೋಕೋಡಿಗೆ ಬೀಗ ಬಿದ್ದಿದೆ; ಹೊರಗಿನವರು ಅದನ್ನು ತಿದ್ದುವಂತಿಲ್ಲ. ಇದು ನನ್ನ ಮಟ್ಟಿಗೆ ದೊಡ್ಡ ನಷ್ಟ.

ಈ ನಷ್ಟ ತುಂಬಿಕೊಳ್ಳಲು ದಾರಿಯಿದೆ. ಐಐಟಿ ಮದ್ರಾಸಿನ ‘ಶಕ್ತಿ’ ಪ್ರೊಸೆಸರಿನ ವಿನ್ಯಾಸ ಮುಕ್ತವಾಗಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಅದನ್ನು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟಾಗಿ ಹೊಂದಿಸಿಕೊಳ್ಳಬಹುದಾದ ಚಿಪ್) ಹಲಗೆಯ ಮೇಲೆ ಇಳಿಸಿ, ನಿಮಗೆ ಬೇಕಾದ ಎಣಿಕೆಯನ್ನು ನೀವೇ ಒಳಗೆ ಸೇರಿಸಿ ನೋಡಿ.